ಆನವಟ್ಟಿಗೆ ಬಂದ ಪೆಂಗ್ವಿನ್ ಹಿಕ್ಕೆ

ದಕ್ಷಿಣ ಧ್ರುವದ ಕಡೆ ಮೂರು ಸಲ ಹೋಗಿಬಂದವಳು ನಾನು. ಕಾಲಡಿಯ ಸಮುದ್ರದ ಮಂಜುಗಡ್ಡೆ ಚಟ್ ಅಂತ ಬಿರುಕು ಬಿಟ್ಟಾಗಲೂ ಅಷ್ಟು ಹೆದರಿಲ್ಲ. ಎದೆ ಧಸಕ್ಕೆನ್ನುವುದೇನಿದ್ದರೂ ಊರಿಗೆ ಬಂದಾಗಲೇ. ಹೋದ ಸಲವಂತೂ ಎರಡೇ ದಿನದಲ್ಲಿ ನಾಲ್ಕು ಸಲ ಹಾಗಾಯಿತು.

ಬಸ್ಸಿನಲ್ಲಿ

ಗೋವಾದ ಧ್ರುವ ಸಂಶೋಧನಾ ಕೇಂದ್ರದಿಂದ ಬೆಂಗಳೂರಿನ ಲ್ಯಾಬಿಗೆ ಒಂದು ಡಬ್ಬಿ ಒಯ್ಯುತ್ತಿದ್ದೆ. ನಡುವೆ ಆನವಟ್ಟಿ ಹತ್ತಿರದ ನಮ್ಮೂರಿಗೂ ಹೋಗಿಬರೋಣ ಅಂತ ಹಾನಗಲ್ಲಿನಲ್ಲಿ ಬಸ್ಸು ಹತ್ತಿದೆ. ಡಬ್ಬಿಯೊಳಗೆ ನಲವತ್ತು ಪೊಟ್ಟಣ ಪೆಂಗ್ವಿನ್ ಹಿಕ್ಕೆ, ಚೆನ್ನಾಗಿ ಒಣಗಿಸಿದ್ದು. ನಗಬೇಡಿ. ಸಮುದ್ರದ ಮೇಲಿನ ಮಂಜುಗಡ್ಡೆ ಕಮ್ಮಿಯಾದರೆ ಅದರಡಿ ಬೆಳೆಯುವ ಸಿಗಡಿಯಂಥ ಜೀವಿಯೂ ಕಮ್ಮಿ. ಪೆಂಗ್ವಿನ್ ಏನು ತಿಂದಿದೆ ಅನ್ನುವುದು ಹಿಕ್ಕೆಯಲ್ಲೇ ತಿಳಿಯುತ್ತದೆ. ಅದು ನನ್ನ ಎರಡು ವರ್ಷದ ದುಡಿಮೆ. ಕಳೆದರೆ ನನ್ನ ಸಂಶೋಧನೆ ಮುಗಿದಂತೆ, ಇನ್ನೊಮ್ಮೆ ಅತ್ತ ಹೋಗಲು ಯಾರೂ ಬಿಡುವುದಿಲ್ಲ.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದು ನೋಡಿ ಕಂಡಕ್ಟರ್ ಕೇಳಿದ, "ಏನದು ಮೇಡಂ?"

ಸುಳ್ಳು ಹೇಳಲು ಬರಲಿಲ್ಲ. "ಹಕ್ಕಿ ಹಿಕ್ಕೆ."

ಅವನು ಟಿಕೆಟ್ ಮೆಷಿನ್ ನೋಡಿದ, ನನ್ನನ್ನು ನೋಡಿದ. "ಕೋಳಿಗಾದ್ರೆ ಅರ್ಧ ಟಿಕೆಟ್ ಐತ್ರೀ. ಬರೀ ಹಿಕ್ಕೆಗೆ ಇದರಾಗೆ ಬಟನ್ನೇ ಇಲ್ಲ!"

ದೊಡ್ಡಮ್ಮ

ಮನೆಗೆ ಹೋಗಿ ಡಬ್ಬಿಯನ್ನು ನಡುಮನೆಯ ಗೂಡಿನಲ್ಲಿ ಇಟ್ಟೆ. ಯಾರೂ ಮುಟ್ಟಬೇಡಿ ಅಂತ ಹೇಳಿ, ಒಳಗೇನಿದೆ ಅಂತಲೂ ಹೇಳಿದೆ. ಅದೇ ನಾನು ಮಾಡಿದ ತಪ್ಪು.

ದೊಡ್ಡಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಅಂದ್ರೆ ಅಲ್ಲಿ ನಿನ್ನ ಕೆಲಸ ಹಿಕ್ಕೆ ಆರಿಸೋದಾ?"

"ಹೂಂ ದೊಡ್ಡಮ್ಮ."

"ಅಯ್ಯೋ ಶಿವನೇ! ಕೊಟ್ಟಿಗೆ ಬಾಚೇ ಅಂದ್ರೆ ಮೂಗು ಮುಚ್ಕೊಂಡು ಓಡ್ತಿದ್ದೆ. ಅದೇ ಕೆಲಸಕ್ಕೆ ಹಡಗು ಹತ್ತಿ ಹೋದ್ಯಲ್ಲೇ ಮಾರಾಯ್ತಿ!"

ಶಿಕಾರಿಪುರದ ಭಾಷಣ

ಮಾರನೆಯ ದಿನ ಶಿಕಾರಿಪುರದ ಕಾಲೇಜೊಂದರಲ್ಲಿ ನನ್ನ ಭಾಷಣವಿತ್ತು. ಮಕ್ಕಳಿಗಿಂತ ಸುತ್ತಲ ಹಳ್ಳಿಯ ರೈತರೇ ಹೆಚ್ಚಾಗಿ ಬಂದಿದ್ದರು. ಮಂಜು, ಸೀಲು, ಪೆಂಗ್ವಿನ್ನು ಎಲ್ಲ ತೋರಿಸಿ ಪ್ರಶ್ನೆ ಕೇಳಿ ಅಂದೆ. ಈಸೂರಿನ ಕಡೆಯ ಹಿರಿಯರೊಬ್ಬರು ಎದ್ದು ನಿಂತರು.

"ಅಷ್ಟೂ ಜಮೀನಿನ ಪಹಣಿ ಯಾರ ಹೆಸರಲ್ಲೈತ್ರೀ?"

"ಯಾರ ಹೆಸರಲ್ಲೂ ಇಲ್ಲ. ಯಾವ ದೇಶಕ್ಕೂ ಸೇರಿಲ್ಲ."

ಇಷ್ಟು ಹೊತ್ತು ತಿಮಿಂಗಿಲ ತೋರಿಸಿದರೂ ಬಾಯಿ ಬಿಡದವರು ಈಗ ಬಾಯಿ ಬಿಟ್ಟು ಕೂತರು. ಹಿರಿಯರು ಸಾವರಿಸಿಕೊಂಡು ಕೇಳಿದರು, "ಹಂಗಾದ್ರೆ ನಮ್ಮ ಹೆಸರಿಗೆ ಮಾಡಿಸ್ಕೊಳ್ಳಾಕೆ ಬಗರ್ ಹುಕುಂ ಅರ್ಜಿ ಯಾವ ತಾಲ್ಲೂಕು ಆಫೀಸಿಗೆ ಹಾಕ್ಬೇಕ್ರೀ?"

ಹಿತ್ತಲು

ನಗುತ್ತಲೇ ಮನೆಗೆ ಬಂದೆ. ಗೂಡಿನಲ್ಲಿ ಡಬ್ಬಿ ಇಲ್ಲ. ಹಿತ್ತಲಿಗೆ ಓಡಿದರೆ, ಚಿಕ್ಕಪ್ಪ ಮೆಣಸಿನ ಗಿಡಗಳ ನಡುವೆ ಕುಕ್ಕರಗಾಲಲ್ಲಿ ಕೂತಿದ್ದಾರೆ, ಪಕ್ಕದಲ್ಲೇ ನನ್ನ ಡಬ್ಬಿ.

"ಬಾ ಮಗಾ! ಅಷ್ಟು ದೂರದಿಂದ ನಮ್ಮನ್ನ ನೆನೆಸ್ಕೊಂಡು ಗೊಬ್ಬರ ತಂದೀಯಲ್ಲ, ಹಾಕ್ಬಿಟ್ಟೆ."

ನಾಚಿಕೆಯಿಲ್ಲದೆ ಗೊಳೋ ಅಂತ ಅತ್ತೆ. ಎರಡು ವರ್ಷ ಕೈಬೆರಳು ಮರಗಟ್ಟಿಸಿಕೊಂಡು ಆರಿಸಿದ್ದು ಮೆಣಸಿನ ಗಿಡದ ಪಾಲಾಯಿತಲ್ಲ!

ಚಿಕ್ಕಪ್ಪ ಗಾಬರಿಯಾದರು. "ಅಳಬ್ಯಾಡವೇ. ಪೂರ್ತಿ ಹಾಕಿಲ್ಲ. ಹೊಸ ತಳಿ ಬೀಜ ಬಂದ್ರೆ ಒಂದೇ ಸಲಕ್ಕೆ ಎಲ್ಲಾ ಬಿತ್ತುತ್ತೀವಾ? ಒಂದೊಂದು ಪೊಟ್ಟಣದಿಂದ ಒಂದು ಗಿಡಕ್ಕೆ ಒಂದು ಚಿಟಿಕೆ. ಉಳಿದದ್ದು ಮಡಿಚಿ ಇಟ್ಟೀನಿ ನೋಡು."

ನೋಡಿದೆ. ನಲವತ್ತೂ ಪೊಟ್ಟಣ ಡಬ್ಬಿಯಲ್ಲಿ ಸಾಲಾಗಿ ಕೂತಿದ್ದವು. ಒಂದೊಂದು ಗಿಡದ ಬುಡದಲ್ಲೂ ಕಡ್ಡಿ ನೆಟ್ಟು, ಪೊಟ್ಟಣದ ಮೇಲಿದ್ದ ನಂಬರನ್ನು ಚೀಟಿಯಲ್ಲಿ ಬರೆದು ಸಿಕ್ಕಿಸಿದ್ದರು. ಬೀಜದ ಕಂಪನಿಯವರು ಹೊಲದಲ್ಲಿ ಬೋರ್ಡು ನೆಡುತ್ತಾರಲ್ಲ, ಹಾಗೆ.

ನಮ್ಮ ಪ್ರೊಫೆಸರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ಆದದ್ದೆಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಲೆಕ್ಕ ಕೇಳಿದರು.

"ಒಂದೊಂದು ಪೊಟ್ಟಣದಲ್ಲಿ ಎಷ್ಟು ಉಳಿದಿದೆ?"

"ಮುಕ್ಕಾಲು ಭಾಗ ಇದೆ ಸರ್."

"ಪರೀಕ್ಷೆಗೆ ಸಾಕು. ಪುಣ್ಯ ಮಾಡಿದ್ದೀಯ." ಆಮೇಲೆ ಮೆಲ್ಲಗೆ ಕೇಳಿದರು, "ಅಲ್ಲಮ್ಮಾ, ಹೋಲಿಸಿ ನೋಡಲು ಏನೂ ಹಾಕದ ಗಿಡ ಬಿಟ್ಟಿದ್ದಾರಾ?"

ಚಿಕ್ಕಪ್ಪ ಫೋನು ಕಿತ್ತುಕೊಂಡರು. "ಮೂರು ಬಿಟ್ಟೀನ್ರೀ ಸಾರ್. ಅಷ್ಟೂ ಗೊತ್ತಾಗಲ್ವಾ? ನಿಮಗೊಂದು ಮಾತು ಹೇಳ್ಲಾ? ಹೆಣ್ಣುಹುಡುಗಿ ಚಳೀಲಿ ಅಷ್ಟು ದೂರ ಯಾಕೆ ಹೋಗ್ಬೇಕು? ಆ ಹಕ್ಕಿ ಎರಡು ಜೋಡಿ ಕಳಿಸ್ಕೊಡಿ, ನಮ್ಮ ಕೋಳಿಗೂಡಲ್ಲಿ ಜಾಗ ಐತೆ!"