ದೇವಸ್ಥಾನದಿಂದ ನೇರ ಮನೆಗೆ

ಸಂಪ್ರದಾಯದಲ್ಲಿ ನನಗೆ ನಂಬಿಕೆ ಇದೆಯೇ ಎಂದು ಯಾರಾದರೂ ಕೇಳಿದರೆ, ಈಗ ಯಾವ ಕೆಲಸದಿಂದ ತಪ್ಪಿಸಿಕೊಳ್ಳಬೇಕಾಗಿದೆ ಎಂದು ನಾನು ಮೊದಲು ಯೋಚಿಸುತ್ತೇನೆ. ಅಟ್ಟದ ಮೇಲಿನ ಪಾತ್ರೆ ಇಳಿಸಿಕೊಡಿ ಎಂದು ಹೆಂಡತಿ ಅಂದ ಕೂಡಲೇ ನನಗೆ ರಾಹುಕಾಲ ನೆನಪಾಗುತ್ತದೆ. ಊಟಕ್ಕೆ ಕರೆದಾಗ ಈವರೆಗೆ ಒಮ್ಮೆಯೂ ನೆನಪಾಗಿಲ್ಲ. ದೂರದ ನೆಂಟರ ಗೃಹಪ್ರವೇಶಕ್ಕೆ ಹೊರಡಬೇಕಾದಾಗ ಆ ದಿಕ್ಕಿಗೆ ಇವತ್ತು ವಾರಶೂಲೆ ಇದೆ ಅನ್ನುತ್ತೇನೆ. ಅಲ್ಲಿ ಹೋಳಿಗೆ ಊಟವೆಂದು ತಿಳಿದರೆ ಶೂಲೆಗೆ ಪರಿಹಾರವನ್ನೂ ನಾನೇ ಹೇಳುತ್ತೇನೆ. ವೃತ್ತಿಯಲ್ಲಿ ನಾನು ಹೈಸ್ಕೂಲು ಮೇಷ್ಟ್ರು. ಮೂಢನಂಬಿಕೆಯ ಬಗ್ಗೆ ಪ್ರತಿವರ್ಷ ಮಕ್ಕಳಿಗೆ ಗಂಟಲು ಹರಿಯುವಂತೆ ಪಾಠ ಮಾಡಿ, ಸಂಬಳವನ್ನೂ ತೆಗೆದುಕೊಳ್ಳುತ್ತೇನೆ. ಬೇಕಾದಾಗ ಹೊದ್ದು ಬೇಡವಾದಾಗ ಮಡಿಸಿಡುತ್ತಿದ್ದ ಈ ನನ್ನ ನಿಷ್ಠೆ ಹೋದ ಬೇಸಿಗೆ ರಜೆಯಲ್ಲಿ ಪೂರ್ತಿ ಒದ್ದೆಯಾಗಿಹೋಯಿತು. ಆ ಕಥೆಯನ್ನು ನಿಮ್ಮ ಹತ್ತಿರವಲ್ಲದೆ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುವಂತಿಲ್ಲ.

ನಮ್ಮದು ನಾಗಮಂಗಲ. ಯುಗಾದಿಗೆ ಸೀರೆ ತರಲೆಂದು ನನ್ನ ಹೆಂಡತಿ ಭಾಗ್ಯಳನ್ನು ಬೆಳ್ಳೂರು ಕ್ರಾಸಿನ ಒಂದು ಬಟ್ಟೆ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ಬಿಲ್ಲಿನ ಜೊತೆ ಒಂದು ಚೀಟಿ ಕೊಟ್ಟು, ಹೆಸರು ಬರೆದು ಪೆಟ್ಟಿಗೆಗೆ ಹಾಕಿ ಎಂದರು. ‘ಇದೆಲ್ಲ ಏಮಾರಿಸೋ ಆಟ ಕಣೇ’ ಎಂದು ನಾನು ಹೊರಗೆ ಬಂದು ಸ್ಕೂಟರು ಹತ್ತಿ ಕೂತೆ. ಅವಳು ನಿಧಾನವಾಗಿ ಬರೆದು, ಎರಡು ಮಡಿಕೆ ಮಾಡಿ, ಪೆಟ್ಟಿಗೆಯೊಳಗೆ ಹಾಕಿ ಬಂದಳು. ಹಬ್ಬ ಕಳೆದ ಮೇಲೆ ಅಂಗಡಿಯವರಿಂದ ಫೋನು ಬಂತು. ಶ್ರೀರಂಗಪಟ್ಟಣದ ಹತ್ತಿರವಿರುವ ಅಮ್ಯೂಸ್‌ಮೆಂಟ್ ಪಾರ್ಕಿಗೆ ದಂಪತಿಗೆ ಮೂರು ದಿನದ ಪಾಸು! ಭಾಗ್ಯಳ ಅಕ್ಕನ ಮನೆ ಗಂಜಾಂನಲ್ಲಿ ಇರುವುದರಿಂದ ಉಳಿಯುವ ಚಿಂತೆಯೂ ಇರಲಿಲ್ಲ. ಜನ ಊಟಿಗೆ ಹೋಗುತ್ತಾರೆ, ಗೋವಾಕ್ಕೆ ಹೋಗುತ್ತಾರೆ. ನಾವು ಸ್ಕೂಟರಿನಲ್ಲಿ ಪಾಂಡವಪುರದ ಮೇಲೆ ನಮ್ಮದೇ ಜಿಲ್ಲೆಯ ಇನ್ನೊಂದು ತಾಲ್ಲೂಕಿಗೆ ಪ್ರವಾಸ ಹೊರಟೆವು. ಈ ಸಲ ರಜೆಗೆ ಎಲ್ಲಿಗೆ ಎಂದು ಕೇಳಿದ ಸಹೋದ್ಯೋಗಿಗಳಿಗೆ ‘ಸ್ವಲ್ಪ ದಕ್ಷಿಣದ ಕಡೆ’ ಎಂದು ಹೇಳಿ ಕೆಮ್ಮಿದ್ದೆ.

ಪಾರ್ಕಿನಲ್ಲಿ ಹತ್ತಾರು ಆಟಗಳಿದ್ದವು. ಮರದ ಕುದುರೆ ಇತ್ತು, ನಾನು ಏರಿದೆ. ಪುಟಾಣಿ ರೈಲು ಇತ್ತು, ಅದನ್ನೂ ಏರಿದೆ. ಮಕ್ಕಳ ಮಧ್ಯೆ ಮಂಡಿ ಮಡಚಿ ಕೂತು ಕೈ ಕೂಡ ಬೀಸಿದೆ. ಆದರೆ ಭಾಗ್ಯಳ ಕಣ್ಣು ಮೊದಲ ದಿನವೇ ದೋಣಿಯ ಮೇಲೆ ಬಿದ್ದಿತ್ತು. ದೋಣಿ ಎಂದರೆ ಹೊಳೆಯಲ್ಲಿ ಮೆಲ್ಲಗೆ ತೇಲುವ ಸಾಧು ದೋಣಿಯಲ್ಲ. ಇಬ್ಬರನ್ನು ಒಬ್ಬರ ಹಿಂದೆ ಒಬ್ಬರಂತೆ ಕೂರಿಸಿಕೊಂಡು, ಸರಪಳಿ ಎಳೆದ ಹಾಗೆ ಕಟಕಟನೆ ತೆಂಗಿನ ಮರಕ್ಕಿಂತ ಮೇಲೇರಿ, ಅಲ್ಲಿ ಒಂದು ಗಳಿಗೆ ಸುಮ್ಮನೆ ನಿಂತು, ಆಮೇಲೆ ನೆಟ್ಟಗೆ ಕೆಳಗಿನ ಕೊಳಕ್ಕೆ ಬೀಳುವಂಥದ್ದು. ಬೀಳುವುದಾದರೂ ಹೋಗಲಿ, ಮೇಲೆ ಅದು ಸುಮ್ಮನೆ ನಿಲ್ಲುವುದಿದೆಯಲ್ಲ, ಅದನ್ನು ನೋಡಿಯೇ ನಾನು ಪಕ್ಕದ ಕಂಬ ಹಿಡಿದುಕೊಂಡೆ. ಎತ್ತರ ಎಂದರೆ ನನಗೆ ಮೊದಲಿನಿಂದಲೂ ಆಗದು. ಶಾಲೆಯಲ್ಲಿ ಬಾವುಟ ಹಗ್ಗಕ್ಕೆ ಸಿಕ್ಕಿಕೊಂಡರೂ ಸ್ಟೂಲು ಹತ್ತಲು ಡ್ರಿಲ್ ಮೇಷ್ಟ್ರನ್ನು ಕರೆಯುವವನು ನಾನು.

‘ಇದ್ರಲ್ಲಿ ನಾನ್ ಮುಂದೆ, ನೀವ್ ಹಿಂದೆ’ ಎಂದಳು ಭಾಗ್ಯ. ಅದರಲ್ಲೇನು ವಿಶೇಷ ಎಂದು ಕೇಳಿದೆ. ‘ಅಲ್ಲ ಕಣ್ರೀ, ಮದ್ವೆ ಆದಾಗ್ಲಿಂದ ಸ್ಕೂಟರ್ ಹಿಂದೆ ಕೂತು ಬರೀ ನಿಮ್ ಬೆನ್ನೇ ನೋಡ್ಕಂಡ್ ಬಂದಿವ್ನಿ. ಕೆ.ಆರ್. ಪೇಟೆ ಸಂತೆ ಇರ್ಲಿ, ಮೇಲುಕೋಟೆ ಇರ್ಲಿ, ನಂಗೆ ಕಂಡಿದ್ದು ನಿಮ್ ಅಂಗಿ ಕಾಲರ್ರು. ಒಂದ್ ಕಿತ ನಾನೂ ಮುಂದೆ ಕೂತು, ಎದುರ್ಗಡೆಯಿಂದ ಬರೋದನ್ನ ನೋಡ್ಬೇಕು. ಒಬ್ಳೇ ಅಲ್ಲ, ನೀವು ಹಿಂದೆ ಇರ್ಬೇಕು.’ ಇದನ್ನು ಅವಳು ನಗುತ್ತಲೇ ಹೇಳಿದಳು. ಆದರೆ ಅವಳು ಏನನ್ನಾದರೂ ಬಾಯಿಬಿಟ್ಟು ಕೇಳುವುದೇ ಅಪರೂಪ. ಸೀರೆ ಅಂಗಡಿಯಲ್ಲೂ ‘ನೀವೇ ಆರ್ಸಿ’ ಅನ್ನುವವಳು. ಹೀಗಾಗಿ ಆಗುವುದಿಲ್ಲ ಎನ್ನಲು ನನಗೆ ನಾಲಿಗೆ ಹೊರಳಲಿಲ್ಲ. ಆಗಲಿ ಎನ್ನಲು ಧೈರ್ಯ ಬರಲಿಲ್ಲ. ಮೊದಲ ದಿನ, ಬೆಳಗ್ಗೆ ಇಡ್ಲಿ ಜಾಸ್ತಿಯಾಗಿ ಹೊಟ್ಟೆ ಸರಿಯಿಲ್ಲ ಎಂದೆ. ಎರಡನೆಯ ದಿನ ಮಂಡಿ ಹಿಡಿದುಕೊಂಡು ಕುಂಟಿದೆ. ಸಂಜೆ ಅವಳು ಗೇಟಿನ ಹತ್ತಿರ ನಿಂತು ಆ ದೋಣಿಯನ್ನು ಹಿಂತಿರುಗಿ ನೋಡಿ, ‘ನಾಳೆ ಕೊನೇ ದಿವ್ಸ’ ಎಂದಳು. ‘ನಾಳೆ ಖಂಡಿತ’ ಎಂದು ನನ್ನ ಬಾಯಿ ಹೇಳಿಬಿಟ್ಟಿತು.

ನಾಳೆ ಮಂಗಳವಾರ ಎಂಬುದು ನನಗೆ ಹೊಳೆದದ್ದು ಮನೆಗೆ ಬರುವ ದಾರಿಯಲ್ಲಿ. ಮಂಗಳವಾರ ಎಂದರೆ ದೇವಿಯ ವಾರ. ಗಂಜಾಂ ಎಂದರೆ ನಿಮಿಷಾಂಬ ತಾಯಿಯ ಗುಡಿ ಎರಡು ಹೆಜ್ಜೆ. ಇಲ್ಲಿ ನಿಮಗೆ ನಮ್ಮ ಅಮ್ಮನ ವಿಷಯ ಹೇಳಬೇಕು. ದೇವಸ್ಥಾನಕ್ಕೆ ಹೋದವರು ನೇರ ಮನೆಗೆ ಬರಬೇಕು, ಮಧ್ಯೆ ಬೇರೆ ಎಲ್ಲಿಗೂ ಹೋಗಬಾರದು, ಹೋದರೆ ಪುಣ್ಯವೆಲ್ಲ ಅಲ್ಲೇ ಇಳಿದುಬಿಡುತ್ತದೆ ಎಂಬುದು ಅಮ್ಮನ ಕಟ್ಟುನಿಟ್ಟು. ಬಂದ ಮೇಲೂ ಕಾಲು ತೊಳೆಯುವಂತಿಲ್ಲ. ಚಿಕ್ಕಂದಿನಲ್ಲಿ ಒಮ್ಮೆ ಕರಿಘಟ್ಟದ ಬೆಟ್ಟ ಹತ್ತಿ ದರ್ಶನ ಮಾಡಿ ಇಳಿದಾಗ, ಬುಡದಲ್ಲಿಯೇ ಇದ್ದ ನೆಂಟರು ‘ಪಾಯ್ಸ ಮಾಡಿವ್ನಿ, ಬನ್ರವ್ವ’ ಎಂದು ಬಾಗಿಲಲ್ಲಿ ನಿಂತು ಕೂಗಿದರು. ಏಲಕ್ಕಿಯ ಘಮ ರಸ್ತೆಗೇ ಬರುತ್ತಿತ್ತು. ಅಮ್ಮ ನನ್ನ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಸ್ಸು ಹತ್ತಿಸಿದಳು. ಆ ಪಾಯಸದ ನೆನಪಿಗೆ ಈಗಲೂ ಬಾಯಲ್ಲಿ ನೀರೂರುತ್ತದೆ, ಅಮ್ಮನ ಮೇಲೆ ಸಿಟ್ಟೂ ಬರುತ್ತದೆ. ಅದೇ ನಿಯಮ ಇಷ್ಟು ವರ್ಷದ ಮೇಲೆ ನನ್ನನ್ನು ಕಾಪಾಡಲು ಬಂದಿತ್ತು. ಬೆಳಗ್ಗೆ ಗುಡಿ, ಗುಡಿಯಿಂದ ನೇರ ಮನೆ. ಪಾರ್ಕು ಅಲ್ಲಿಗೆ ಮುಗಿಯಿತು. ‘ನಾಳೆ ಬೆಳಗ್ಗೆ ತಾಯಿ ದರ್ಶನ ಮಾಡಿಬಿಡೋಣ, ಇಷ್ಟು ಹತ್ತಿರ ಬಂದು ಹೋಗದಿದ್ದರೆ ಚೆನ್ನಾಗಿರಲ್ಲ’ ಎಂದೆ. ಭಾಗ್ಯ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ‘ಆಯ್ತು ಬುಡಿ’ ಎಂದಳು.

ಬೆಳಗ್ಗೆ ಸ್ನಾನ ಮಾಡಿ ಪಂಚೆ ಉಟ್ಟು ಭಾಗ್ಯಳ ಜೊತೆ ಹೊರಟೆ. ಗುಡಿಯ ಮುಂದೆ ಬಳೆ ಅಂಗಡಿಗಳು ಆಗತಾನೇ ತೆರೆಯುತ್ತಿದ್ದವು. ಮೆಟ್ಟಿಲ ಕೆಳಗೆ ಕಾವೇರಿ ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿದ್ದಳು. ‘ನೀವ್ ಒಳಗ್ ಹೋಗಿ ಬನ್ನಿ, ನಾನ್ ಚಪ್ಪಲಿ ನೋಡ್ಕತೀನಿ’ ಎಂದು ಭಾಗ್ಯ ಮೆಟ್ಟಿಲ ಮೇಲೆ ಕೂತಳು. ಚಪ್ಪಲಿ ಬಿಡಲು ಬೇರೆ ಜಾಗವಿತ್ತು. ನನ್ನದಾದರೋ ಯಾರೂ ಕದಿಯದ ಸವೆದ ಚಪ್ಪಲಿ. ಆದರೆ ಗೆಲುವಿನ ಸಂಭ್ರಮದಲ್ಲಿ ನಾನು ಏನನ್ನೂ ಯೋಚಿಸಲಿಲ್ಲ. ಒಳಗೆ ಹೋಗಿ ಕಣ್ಣು ಮುಚ್ಚಿ ನಿಂತೆ. ನಿಮಿಷದಲ್ಲಿ ವರ ಕೊಡುವ ತಾಯಿ ಎಂದು ಎಲ್ಲರೂ ಹೇಳುತ್ತಾರೆ. ಜನ ಮಕ್ಕಳ ಮದುವೆ ಕೇಳುತ್ತಾರೆ, ಆರೋಗ್ಯ ಕೇಳುತ್ತಾರೆ. ನಾನು, ‘ತಾಯೀ, ಆ ದೋಣಿಯೊಂದು ತಪ್ಪಿಸು’ ಎಂದು ಕೇಳಿಕೊಂಡೆ. ಹಣೆಗೆ ಕುಂಕುಮ ಇಟ್ಟುಕೊಂಡು ಹೊರಗೆ ಬಂದೆ. ಮುಖವನ್ನು ಆದಷ್ಟು ಬಾಡಿಸಿಕೊಂಡು ಮಾತು ತೆಗೆದೆ.

‘ಭಾಗ್ಯಾ, ಈಗ ನೆನಪಾಯ್ತು ನೋಡು. ಗುಡಿಯಿಂದ ನೇರ ಮನೆಗೆ ಹೋಗಬೇಕಲ್ಲ. ಅಮ್ಮ ಹೇಳ್ತಿದ್ದಳು.’

‘ಹೌದಲ್ವಾ’ ಎಂದಳು.

‘ಪಾರ್ಕಿನಲ್ಲಿ ನೀರು ಬೇರೆ. ಕಾಲು ತೊಳೆದ ಹಾಗಾಗುತ್ತೆ. ಛೆ, ಕೊನೇ ದಿನ. ಏನು ಮಾಡೋದು ಹೇಳು?’

‘ನೀವ್ ಮನೆಗೋಗಿ ಮತ್ತೆ. ಅತ್ತೆ ಮಾತು ಮೀರ್ಬಾರ್ದು.’ ಅವಳು ಎದ್ದು ಸೀರೆಯ ಹಿಂಬದಿ ಕೊಡವಿಕೊಂಡಳು. ‘ನಾನ್ ಒಳಗ್ ಬಂದಿಲ್ವಲ್ಲ, ನಂಗೇನೂ ತೊಂದ್ರೆ ಇಲ್ಲ. ಪಟ್ಟಣಕ್ಕೋಗಿ ಬಸ್ ಹತ್ಕಂಡು ಹೋಯ್ತೀನಿ.’

ಅವಳು ಗುಡಿಯ ಗೋಪುರಕ್ಕೆ ಒಮ್ಮೆ ಕೈ ಮುಗಿದು ಆಟೋ ಹತ್ತಿಬಿಟ್ಟಳು. ತಿರುಗಿ ನೋಡಲಿಲ್ಲ. ನನ್ನ ಚಪ್ಪಲಿಗಳು ಮಾತ್ರ ಒಂದರ ಪಕ್ಕ ಒಂದು ನೀಟಾಗಿ ಜೋಡಿಸಿಟ್ಟ ಹಾಗೆ ಇದ್ದವು.

ಗೆದ್ದವನು ನಾನೇ ಎಂದು ಸಮಾಧಾನ ಮಾಡಿಕೊಳ್ಳುತ್ತಾ ನಡೆದೆ. ಆದರೆ ಮೂರು ದಿನದಿಂದ ಮುಂದೆ ಕೂರುವ ಆಸೆ ಇಟ್ಟುಕೊಂಡವಳು ಹಿಂದಿನ ಸೀಟಿನಲ್ಲಿ ಯಾರನ್ನೋ ಕೂರಿಸಿಕೊಂಡು ಹೋಗುತ್ತಾಳಲ್ಲ ಎಂಬ ಸಂಕಟ ದಾರಿಯುದ್ದಕ್ಕೂ ಕಾಡಿತು. ಮನೆಯ ಹಿಂದೆ ಷಡ್ಡಕರು, ಅಂದರೆ ಭಾಗ್ಯಳ ಅಕ್ಕನ ಗಂಡ ನಂಜೇಗೌಡರು, ಹಸುಗಳಿಗೆ ಹುಲ್ಲು ಕತ್ತರಿಸುತ್ತಿದ್ದರು. ನನಗಿಂತ ಹಿರಿಯರು, ನೇರ ಮಾತಿನವರು.

‘ಏನ್ ಮೇಷ್ಟ್ರೇ, ಒಬ್ರೇ ಬಂದ್ರಿ? ಭಾಗ್ಯ ಎಲ್ಲವ್ಳೆ?’

‘ಪಾರ್ಕಿಗೆ ಹೋದಳಣ್ಣ.’

‘ಒಬ್ಳೇನಾ?’

ಆ ಒಂದು ಮಾತು ನನಗೆ ಚುಚ್ಚಿತು. ‘ನನಗೆ ದರ್ಶನ ಆಯ್ತಲ್ಲ. ನೇರ ಮನೆಗೆ ಬರಬೇಕಿತ್ತು’ ಎಂದೆ.

‘ಸರಿ, ಬಂದ್ರಲ್ಲ. ಒಳಿಕೋಗಿ ಒಂದ್ ಲೋಟ ನೀರ್ ಕುಡ್ದು ಒರಡಿ. ಮನೆ ಮುಟ್ಟಿದ್ಮೇಲೆ ಇನ್ನೇನು? ಎಲ್ಗಾರ ಹೋಗ್ಬೋದು.’

ಈ ದಾರಿ ನಾನು ನೋಡಿರಲಿಲ್ಲ. ಗಾಬರಿಯಲ್ಲಿ, ‘ಅದು ಹಾಗಲ್ಲಣ್ಣ, ನೇರ ಮನೆಗೆ ಅಂದರೆ ನಮ್ಮ ಸ್ವಂತ ಮನೆಗೆ, ನಾಗಮಂಗಲಕ್ಕೆ’ ಎಂದುಬಿಟ್ಟೆ. ಹುಲ್ಲು ಕತ್ತರಿಸುತ್ತಿದ್ದ ಕೈ ನಿಂತಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು. ಗೌಡರು ಕುಡುಗೋಲು ಕೆಳಗಿಟ್ಟು ನನ್ನನ್ನೇ ನೋಡಿದರು.

‘ಅಂಗಾರೆ ಇದು ನಿಮ್ಮನೆ ಅಲ್ವಾ?’

ಭಾಗ್ಯಳ ಅಕ್ಕ, ನನ್ನ ಅತ್ತಿಗೆ, ಬಾಗಿಲಿಗೆ ಬಂದು, ‘ಯಾಕ್ ಮೇಷ್ಟ್ರೇ, ನಾವೇನಾರ ಕಮ್ಮಿ ಮಾಡಿದ್ವಾ?’ ಎಂದರು. ನಮ್ಮ ಸೀಮೆಯಲ್ಲಿ ಹೆಂಡತಿಯ ಕಡೆಯವರು ಈ ಪ್ರಶ್ನೆ ಕೇಳಿದ ಮೇಲೆ ಕೊಡಬಹುದಾದ ಉತ್ತರ ಒಂದೇ. ‘ಅಯ್ಯೋ ಎಲ್ಲಾದರೂ ಉಂಟಾ, ಇದೂ ನಮ್ಮ ಮನೆಯೇ’ ಎಂದೆ. ‘ಅಂಗನ್ನಿ’ ಎಂದು ಗೌಡರು ಮತ್ತೆ ಕುಡುಗೋಲು ಎತ್ತಿಕೊಂಡರು. ಅತ್ತಿಗೆ ಬಾಗಿಲ ಹಿಂದಿನಿಂದ ಒಂದು ಚೀಲ ತೆಗೆದು ನನ್ನ ಕೈಗಿಟ್ಟರು. ಅದರಲ್ಲಿ ನನ್ನ ಒಂದು ಜೊತೆ ಒಣ ಬಟ್ಟೆಯೂ ಟವೆಲ್ಲೂ ಮಡಿಸಿಟ್ಟಿದ್ದವು. ‘ಬೆಳಗ್ಗೇನೇ ಭಾಗ್ಯ ಕಟ್ಟಿಟ್ಟೋದ್ಲು, ಮೇಷ್ಟ್ರು ಬತ್ತಾರೆ ಕೊಡಕ್ಕ ಅಂದ್ಲು’ ಎಂದು ಅವರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಗೌಡರು ಹುಲ್ಲಿನ ಕಡೆ ತಿರುಗಿಕೊಂಡು ನಕ್ಕರು.

ನಾನು ಪಾರ್ಕು ತಲುಪಿದಾಗ ಭಾಗ್ಯ ದೋಣಿಯ ಸಾಲಿನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಸೀರೆ ಒಣಗಿಯೇ ಇತ್ತು. ಒಂದು ಸಲವೂ ಹತ್ತಿರಲಿಲ್ಲ. ಯಾರ್ಯಾರೋ ಜೊತೆಗೆ ಬಾ ಎಂದು ಕರೆದರಂತೆ, ನಮ್ಮೋರು ಬರ್ತಾರೆ ಎಂದಳಂತೆ. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು. ನನಗೆ ನಾಚಿಕೆಯಾಯಿತು, ಅವಳ ಮೇಲೆ ಪ್ರೀತಿಯೂ ಉಕ್ಕಿ ಬಂತು, ಹೆದರಿಕೆ ಮಾತ್ರ ಹಾಗೆಯೇ ಇತ್ತು. ದೋಣಿ ನೋಡಿಕೊಳ್ಳುತ್ತಿದ್ದಾತ ‘ಸರ್ ಮುಂದೆ ಬನ್ನಿ, ಅಮ್ಮ ಹಿಂದೆ ಕೂತ್ಕಳಿ’ ಎಂದ. ‘ಇಲ್ಲಪ್ಪ, ನಾನ್ ಮುಂದೆ’ ಎಂದಳು. ‘ಮುಂದ್ಗಡೆ ನೀರ್ ಎರಚ್ತದೆ ಕಣಮ್ಮ.’ ‘ಎರಚ್ಲಿ ಬುಡಪ್ಪ’ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತೇಬಿಟ್ಟಳು. ಕೊನೆಯ ಪ್ರಯತ್ನವಾಗಿ, ‘ಕಾಲು ನೆನೆಯುತ್ತಲ್ಲೇ’ ಎಂದೆ. ‘ಮನೆಗೋಗಿ ಬಂದ್ರಲ್ಲ, ಇನ್ನೇನು’ ಎಂದಳು. ಕಟಕಟನೆ ಮೇಲೇರುವಾಗ ನಾನು ಕಣ್ಣು ಮುಚ್ಚಿ ಅವಳ ಎರಡೂ ಭುಜ ಹಿಡಿದುಕೊಂಡಿದ್ದೆ. ತುದಿಯಲ್ಲಿ ದೋಣಿ ಸುಮ್ಮನೆ ನಿಂತಿತು. ‘ರೀ, ಕರಿಘಟ್ಟ ಕಾಣ್ತದೆ ನೋಡ್ರೀ, ಗದ್ದೆ ಬಯಲೆಲ್ಲ ಕಾಣ್ತದೆ!’ ಎಂದು ಅವಳು ಕೂಗಿದಳು. ‘ಕಂಡಿತು, ಕಂಡಿತು’ ಎಂದೆ. ಆಮೇಲೆ ಏನಾಯಿತೋ ನನಗೆ ತಿಳಿಯದು. ಅಮ್ಮಾ ಎಂದು ಕಿರುಚಿದ್ದು ನಾನು, ಬಿದ್ದು ಬಿದ್ದು ನಕ್ಕದ್ದು ಅವಳು.

ಬೀಳುವಾಗ ಪಾರ್ಕಿನವರು ತೆಗೆಯುವ ಫೋಟೋವನ್ನು ಅವಳು ಕೇಳಿ ಈಸಿಕೊಂಡಳು. ಅದೀಗ ನಮ್ಮ ನಡುಮನೆಯಲ್ಲಿದೆ. ಕಣ್ಣರಳಿಸಿ ನಗುತ್ತಿರುವ ಭಾಗ್ಯ, ಅವಳ ಭುಜದ ಮೇಲೆ ಎರಡು ಕೈ, ಹಿಂದೆ ಒಂದು ಬಕ್ಕ ತಲೆ. ಮೇಷ್ಟ್ರೆಲ್ಲಿ ಎಂದು ಬಂದವರು ಕೇಳುತ್ತಾರೆ. ಆವತ್ತು ಸಂಜೆ ಊರಿಗೆ ಮರಳುವಾಗ ಪಾಂಡವಪುರದಲ್ಲಿ ಕಾಫಿಗೆ ನಿಲ್ಲಿಸಿದೆವು. ‘ಗುಡಿ ಹೊರಗಿಂದ ಕೈ ಮುಗಿದೆಯಲ್ಲ, ಏನು ಕೇಳಿಕೊಂಡೆ?’ ಎಂದೆ. ‘ನೀವು ಬಂದು ಹಿಂದೆ ಕೂತ್ಕಂಡ್ರೆ ಸಾಕು ತಾಯಿ ಅಂದೆ’ ಎಂದಳು. ಒಳಗೆ ಹೋಗಿ ಕಣ್ಣು ಮುಚ್ಚಿ ಬೇಡಿಕೊಂಡವನನ್ನು ಬಿಟ್ಟು, ಚಪ್ಪಲಿ ಕಾಯುತ್ತಿದ್ದವಳ ಮಾತು ಕೇಳಿದ ತಾಯಿಗೆ ನಾನು ಏನು ಹೇಳಲಿ? ಕಾಫಿ ಲೋಟ ಕೆಳಗಿಟ್ಟು ಅವಳು ಸ್ಕೂಟರನ್ನೇ ನೋಡಿದಳು. ‘ಇದನ್ನೂ ಕಲಿಸ್ಬುಡಿ ನಂಗೆ. ಮುಂದೆ ಕೂತ್ರೆ ಎಷ್ಟ್ ಚೆನ್ನಾಗಿ ಕಾಣ್ತದೆ.’ ನನ್ನ ನಾಲಿಗೆ ಅಭ್ಯಾಸಬಲದಿಂದ, ‘ಇವತ್ತು ಮಂಗಳವಾರ, ಹೊಸದಾಗಿ ಏನೂ ಶುರು ಮಾಡಬಾರದು’ ಎಂದಿತು. ‘ಗೊತ್ತು. ನಾಳೆ ಬುಧವಾರ.’ ‘ಬುಧವಾರ ರಾಹುಕಾಲ...’ ‘ಅದು ಮಧ್ಯಾಹ್ನಕ್ಕೆ. ನಾನ್ ಬೆಳಗ್ಗೆ ಹಾಲು ಕಾಯ್ಸೋಕ್ ಮುಂಚೇನೇ ಎಬ್ಬಿಸ್ತೀನಿ’ ಎಂದಳು. ಹಾಗೆಯೇ ಎಬ್ಬಿಸಿದಳು. ಈಗ ನಾಗಮಂಗಲದ ಪೇಟೆ ಬೀದಿಯಲ್ಲಿ, ಹೆಂಡತಿ ಓಡಿಸುವ ಸ್ಕೂಟರಿನ ಹಿಂದೆ ಕಣ್ಣು ಮುಚ್ಚಿಕೊಂಡು ಕೂತ ಮೇಷ್ಟ್ರೊಬ್ಬರು ನಿಮಗೆ ಕಂಡರೆ, ಪಾಪ, ಸಂಪ್ರದಾಯಸ್ಥರು, ದೇವರ ಧ್ಯಾನದಲ್ಲಿದ್ದಾರೆ ಎಂದು ತಿಳಿದುಕೊಳ್ಳಿ.