ಕಣ್ಣ ಕೆಳಗಿನ ಗುಳ್ಳೆ

ವೈಜನಾಥನ ಎರಡೂ ಕಣ್ಣ ಕೆಳಗೆ ಸಾಸಿವೆ ಗಾತ್ರದ ಗುಳ್ಳೆಗಳೆದ್ದು ನಾಲ್ಕು ವರ್ಷವಾಗಿತ್ತು. ಅವು ನೋಯುತ್ತಿರಲಿಲ್ಲ, ತುರಿಸುತ್ತಿರಲಿಲ್ಲ, ಯಾರ ತಂಟೆಗೂ ಹೋಗುತ್ತಿರಲಿಲ್ಲ. ಆದರೆ ಗುರುದೇವಿಯ ಜೊತೆ ಅವನ ಮದುವೆ ಪಕ್ಕಾ ಆಗಬೇಕಿದ್ದ ದಿನವೇ, ಪಕ್ಕದ ಫ್ಲ್ಯಾಟಿನ ಪಾರ್ವತೆಮ್ಮ ಹೊಸ ಕನ್ನಡಕ ಹಾಕಿಕೊಂಡು ಬಂದರು.

"ಅಯ್ಯ ತಮ್ಮಾ, ಇವೇನೋ ಗಂಟು? ಕ್ಯಾನ್ಸರ್ ಹಿಂಗ ಸುರು ಆಗ್ತೈತಂತ!"

ಈ ಸಂಬಂಧ ಕೂಡಿಸಿದವರೇ ಅವರು. ನಾಳೆ ತಮ್ಮ ಮೇಲೆ ಮಾತು ಬರಬಾರದೆಂದು ಅವನೆದುರೇ ಹುಡುಗಿಯ ತಂದೆ ಗುರುಸಿದ್ದಪ್ಪನವರಿಗೆ ಫೋನು ಮಾಡಿದರು. ಮೇಸ್ತ್ರಿಯಾಗಿ ಅರ್ಧ ಮಿಯಾಪುರ ಬಡಾವಣೆಯನ್ನೇ ಕಟ್ಟಿದ ಆ ಮನುಷ್ಯ ಹೆಚ್ಚು ಮಾತಿನವರಲ್ಲ.

"ಸಂಜಿಕ ಬರ್ತೀನಿ. ಡಾಕ್ಟರ್ ಚೀಟಿ ತೋರಸ್ರಿ, ಆಮ್ಯಾಗ ಮಾತು."

ಗುರುದೇವಿಯನ್ನು ನೋಡಿ ಬಂದಾಗಿನಿಂದ ವೈಜನಾಥನಿಗೆ ಊಟ ಸೇರುತ್ತಿರಲಿಲ್ಲ. ಪಾಪ, ರಜೆ ಹಾಕಿ ಕೋಠಿಯ ಆಸ್ಪತ್ರೆಗೆ ಬಸ್ಸು ಹತ್ತಿದ. ಪಕ್ಕದಲ್ಲಿ ಕೂತವನು ಲಿವರ್ ಅಂದ, ನಿಂತವನು ದೃಷ್ಟಿ ಅಂದ, ಕಂಡಕ್ಟರ್ ಸುಣ್ಣ ಹಚ್ಚಲು ಹೇಳಿದ.

ಚರ್ಮದ ಡಾಕ್ಟರ್ ಶೈಲಶ್ರೀ ಬೀದರಿನವರು. ದೀಪವಿದ್ದ ಭೂತಗನ್ನಡಿಯಂಥ ಡರ್ಮೋಸ್ಕೋಪನ್ನು ಕಣ್ಣ ಕೆಳಗಿಟ್ಟು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ ನೋಡಿದರು.

"ತೆಳು ಕಂದು ಗೆರಿ ಬಲಿ ಹೆಣದಂಗ ಅವ, ನಡುನಡುಕ ಬಿಳಿ ಚುಕ್ಕಿ. ಕೆಟ್ಟ ಲಕ್ಷಣ ಒಂದೂ ಇಲ್ಲ. ಬೆವರು ಗ್ರಂಥಿದು ಸಾದಾ ಟ್ಯೂಮರ್, ಹಂಗ ಬಿಡ್ರಿ."

"ಟ್ಯೂಮರ್ ಅಂತ ಬರೀಬ್ಯಾಡ್ರಿ ಮೇಡಂ, ನಮ್ಮ ಮಾವಗ ಎದಿ ಒಡೀತೈತಿ. ಕನ್ನಡದಾಗ, ತಿಳಿಯೂ ಹಂಗ ಬರದ ಕೊಡ್ರಿ."

ಡಾಕ್ಟರು ನಕ್ಕು ಬರೆದರು: 'ಬೆವರಿನ ಗಂಟು. ಅಪಾಯವಿಲ್ಲ.' ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡ ವೈಜನಾಥ ಅರ್ಧ ಕಿಲೋ ಪೇಡೆ ಕಟ್ಟಿಸಿಕೊಂಡು ಮನೆಗೆ ಬಂದ.

ಸಂಜೆ ಗುರುಸಿದ್ದಪ್ಪ ಚೀಟಿಯನ್ನು ಎರಡು ಸಲ ಓದಿದರು.

"ಕ್ಯಾನ್ಸರ್ ಅಲ್ಲಲ್ರಿ ಅಣ್ಣಾರ, ಬಾಯಿ ಸಿಹಿ ಮಾಡ್ಕೋರಿ," ಎಂದು ಪಾರ್ವತೆಮ್ಮ ಪೇಡೆ ಮುಂದೆ ಹಿಡಿದರು.

"ತಡೀರಿ. ಬೆವರಿನ ಗಂಟು?" ಗುರುಸಿದ್ದಪ್ಪ ವೈಜನಾಥನ ಕಡೆ ತಿರುಗಿದರು. "ಎ.ಸಿ. ರೂಮಿನಾಗ ಕಂಪ್ಯೂಟರ್ ಮುಂದ ಕುಂತು ಮಾಡೂ ಕೆಲಸ ಅಂದಿದ್ರಿ. ನಾ ಮೂವತ್ತು ವರ್ಷ ಬಿಸಲಾಗ ಸ್ಲ್ಯಾಬ್ ಹಾಕೀನಿ, ನನಗ ಒಂದೂ ಗಂಟಿಲ್ಲ. ಗಂಟು ಕಟ್ಟೂವಷ್ಟು ಬೆವರು ಬರಬೇಕಂದ್ರ ನಿಮ್ದು ಎಂಥಾ ಕೆಲಸ ಇರಬೇಕು?"

ವೈಜನಾಥ ಆಫೀಸಿನ ಕಾರ್ಡು ತೋರಿಸಿದ, ದೇವರ ಆಣೆ ಇಟ್ಟ, ಗ್ರಂಥಿಯ ಚಿತ್ರ ಬರೆದು ವಿವರಿಸಿದ. ಮಾತಾಡಿದಷ್ಟೂ ಅವನ ಹಣೆಯಿಂದ ಬೆವರು ಧಾರೆಯಾಗಿ ಇಳಿಯಿತು.

ಗುರುಸಿದ್ದಪ್ಪ ಎದ್ದು ಚಪ್ಪಲಿ ಮೆಟ್ಟಿದರು.

"ನೋಡ್ರಿ ಪಾರ್ವತೆಮ್ಮಾರ, ಫ್ಯಾನ್ ಐದರ ಮ್ಯಾಲ ಐತಿ. ಇನ್ನೇನ್ ಸಾಕ್ಷಿ ಬೇಕು?"