ವಿಸಿಆರ್ ತೊಲಗಿದ ದಿನ

ಬೆಳಗಿನ ಕಾಫಿ ಲೋಟ ಇನ್ನೂ ತುಟಿಗೆ ತಾಗಿರಲಿಲ್ಲ, ಕ್ಯಾಸೆಟ್ಟಣ್ಣನ ಹೆಂಡತಿ ತೀರ್ಪು ಕೊಟ್ಟೇಬಿಟ್ಟಳು.

"ಸಂಜೆ ಅಮ್ಮ ಬರ್ತಾರೆ. ಅಷ್ಟರೊಳಗೆ ಆ ರೂಮು ಖಾಲಿ ಆಗಿರ್ಬೇಕು. ಒಂದೋ ನಿಮ್ಮ ವಿಸಿಆರ್ ಇರ್ಲಿ, ಇಲ್ಲಾ ನಮ್ಮಮ್ಮ ಇರ್ಲಿ. ಇಬ್ಬರಿಗೂ ಅಲ್ಲಿ ಜಾಗ ಇಲ್ಲ."

ಬೇರೆ ಯಾವ ಗಂಡಸಾದರೂ ಒಳಗೊಳಗೇ ಹಿಗ್ಗಿ ವಿಸಿಆರನ್ನೇ ಆರಿಸಿಕೊಳ್ಳುತ್ತಿದ್ದ. ನಮ್ಮ ಕ್ಯಾಸೆಟ್ಟಣ್ಣನ ಸಂಕಟವೇ ಬೇರೆ. ಈ ಭೂಮಿಯ ಮೇಲೆ ಅವನ ಪರವಾಗಿ ಮಾತಾಡುವ ಜೀವ ಅಂತ ಒಂದಿದ್ದರೆ ಅದು ಅವನ ಅತ್ತೆ. "ಪಾಪ, ಅವರನ್ನ ಸುಮ್ನೆ ಬಿಡೇ, ದುಡಿದು ಸುಸ್ತಾಗಿ ಬಂದಿರ್ತಾರೆ" ಎಂದು ಮಗಳ ಬಾಯಿ ಮುಚ್ಚಿಸುವ ತಾಕತ್ತು ಆಕೆಯೊಬ್ಬರಿಗೇ ಇತ್ತು. ಇನ್ನು ಅಡುಗೆಯ ಮಾತು ಎತ್ತುವುದೇ ಬೇಡ. ಹೆಂಡತಿಯ ಅಡುಗೆಯಲ್ಲಿ ಉಪ್ಪು ಒಂದು ದಿನ ಊರು ಬಿಟ್ಟು ಹೋಗಿರುತ್ತಿತ್ತು, ಮರುದಿನ ನೆಂಟರಿಷ್ಟರ ಸಮೇತ ವಾಪಸ್ ಬಂದಿರುತ್ತಿತ್ತು.

ಹೋದ ವರ್ಷ ಊರಿಂದ ಬಂದಾಗ ಇದೇ ರೂಮಿನ ಕಾರಣಕ್ಕೆ ಅತ್ತೆ ದೊಡ್ಡ ಮಗಳ ಮನೆಗೆ ಹೋಗಿಬಿಟ್ಟಿದ್ದರು. ಆ ದೊಡ್ಡ ಮಗಳ ಗಂಡ, ಅಂದರೆ ಕ್ಯಾಸೆಟ್ಟಣ್ಣನ ಷಡ್ಡಕ, ತಿಂದು ತಿಂದು ಕೆನ್ನೆ ತುಂಬಿಕೊಂಡಿದ್ದ. ಸಿಕ್ಕಾಗಲೆಲ್ಲ "ಅತ್ತೆ ಕೈರುಚಿ ಇದ್ಯಲ್ಲಾ, ಅದಕ್ಕೂ ಯೋಗ ಬೇಕು ಕಣಯ್ಯಾ" ಎಂದು ಹೊಟ್ಟೆ ಉರಿಸುತ್ತಿದ್ದ. ಈ ಸಲ ಯಾವ ಕಾರಣಕ್ಕೂ ಅತ್ತೆ ಕೈ ತಪ್ಪಿ ಹೋಗಕೂಡದು.

"ಅಮ್ಮನೇ ಇರ್ಲಿ" ಎಂದು ಕ್ಯಾಸೆಟ್ಟಣ್ಣ ಕಾಫಿ ಕುಡಿದು ಎದ್ದ. ನೀರು ಸರಬರಾಜು ಕಚೇರಿಗೆ ರಜೆ ಹೇಳಿಕಳಿಸಿದ. ಕೌಂಟರಿನಲ್ಲಿ ಅವನಿಲ್ಲದಿದ್ದರೆ ಯಾರ ಮನೆಯ ನಲ್ಲಿಯೂ ನಿಲ್ಲುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಹೆಸರಿಗೆ ತಕ್ಕಂತೆ ಅವನು ಹಿಂದೊಮ್ಮೆ ಬೀದಿ ಮೂಲೆಯಲ್ಲಿ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದವನು. ಶನಿವಾರ ಸಂಜೆ ಆ ಅಂಗಡಿಯ ಮುಂದೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಕ್ಯಾಸೆಟ್ಟನ್ನು ಮೊದಲಿನತನಕ ಹಿಂದಕ್ಕೆ ಸುತ್ತಿ ರಿವೈಂಡ್ ಮಾಡದೆ ವಾಪಸ್ ತಂದವರಿಗೆ ಅವನು ಎಲ್ಲರೆದುರಿಗೆ ಬೈಯುತ್ತಿದ್ದ, ದೊಡ್ಡ ದೊಡ್ಡವರೂ ತಲೆ ತಗ್ಗಿಸಿ ಬೈಸಿಕೊಳ್ಳುತ್ತಿದ್ದರು. ಆಮೇಲೆ ಕಾಲ ಬದಲಾಯಿತು, ಅಂಗಡಿ ಮುಚ್ಚಿತು. ಉಳಿದದ್ದು ಆ ಅಡ್ಡಹೆಸರು, ಒಂದು ವಿಸಿಆರ್, ಹಿಂದಕ್ಕೆ ಹೊಟ್ಟೆ ಬಿಟ್ಟುಕೊಂಡ ಒಂದು ಟೀವಿ ಮತ್ತು ಗೋಡೆ ತುಂಬ ಕ್ಯಾಸೆಟ್. ವಿಸಿಆರ್ ಈಗಲೂ ನಡೆಯುತ್ತಿತ್ತು. ವಾರಕ್ಕೊಮ್ಮೆ ಅವನು ಬಾಗಿಲು ಹಾಕಿಕೊಂಡು ಅದರೊಳಗಿನ, ಟೇಪು ಓದುವ ಹೆಡ್ಡನ್ನು ಹತ್ತಿಯಲ್ಲಿ ಒರೆಸುತ್ತಿದ್ದ. ಅಷ್ಟು ಮುತುವರ್ಜಿಯಿಂದ ನನ್ನ ಕನ್ನಡಕ ಒರೆಸಿಕೊಟ್ಟಿದ್ದರೆ ಪುಣ್ಯ ಬರ್ತಿತ್ತು ಎಂದು ಹೆಂಡತಿ ಅನ್ನುತ್ತಿದ್ದಳು.

ಅವನು ಟೀವಿಯ ಹಿಂದೆ ತಲೆ ತೂರಿಸಿ ವೈರು ಬಿಚ್ಚುತ್ತಿರುವಾಗ ಹೆಂಡತಿ ಫೋನು ಹಿಡಿದು ಬಾಗಿಲಲ್ಲಿ ನಿಂತಳು.

"ರೀ, ಅಮ್ಮ. ನಿಮ್ಮನ್ನ ಏನೋ ಕೇಳ್ಬೇಕಂತೆ."

"ನನ್ನ ತಲೆ ಸಿಕ್ಕಿಹಾಕ್ಕೊಂಡಿದೆ ಕಣೇ. ಸಂಜೆ ಬರ್ತಾರಲ್ಲ, ಆಗ ಕೇಳ್ಲಿ ಅನ್ನು."

ಮೊದಲು ಗುಜರಿಯವನನ್ನು ಕರೆದ. ಗುಜರಿಯವನು ವಿಸಿಆರನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದ, ಮೆಟ್ಟಿಲ ಮೇಲೆ ಕೂತೇಬಿಟ್ಟ.

"ನಮ್ಮಪ್ಪ ಒಂದ್ಸಲ ಇದನ್ನ ಬಾಡಿಗೆಗೆ ತಂದಿದ್ರು ಸಾರ್. ಇಡೀ ಬೀದಿ ನಮ್ಮನೇಲಿ ಕೂತಿತ್ತು. ಆ ದಿನಗಳು ಮತ್ತೆ ಬರಲ್ಲ. ಇದನ್ನ ಒಡೆಯೋಕೆ ನನಗೆ ಕೈ ಬರಲ್ಲ."

"ಒಡೀಬೇಡಪ್ಪ. ಹಾಗೇ ಇಟ್ಕೋ."

"ಇಟ್ಕೊಳ್ಳೋಕೆ ಜಾಗ ಎಲ್ಲಿದೆ ಸಾರ್" ಎಂದು ಕಣ್ಣೊರೆಸಿಕೊಂಡು, ಹಳೆಯ ಪೇಪರು ಇದ್ದರೆ ಹೇಳಿ ಎಂದು ಹೋದ.

ಆಮೇಲೆ ಕ್ಯಾಸೆಟ್ಟಣ್ಣ ಎದುರುಮನೆಯ ಟೈಲರಮ್ಮನ ಹತ್ತಿರ ಹೋದ. ಆಕೆ ಹೊಲಿಗೆ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಪಿನ್ನು ತೆಗೆದಿಟ್ಟು, ಆ ಕಾಲವೇ ಕಾಲ ಎಂದು ಶುರು ಮಾಡಿದಳು. ಮುಗಿಸುವ ಹೊತ್ತಿಗೆ ಅವನ ಕಾಲು ನೋಯುತ್ತಿತ್ತು.

"ಹಾಗಾದ್ರೆ ನೀವೇ ತಗೊಳ್ಳಿ ಅಕ್ಕ. ನಡೆಯೋ ಮಷೀನು."

"ನನಗ್ಯಾಕಣ್ಣ, ಧೂಳು. ಒಂದು ನಿಮಿಷ ಇರಿ." ಒಳಗೆ ಹೋದವಳು ಒಂದು ರಟ್ಟಿನ ಡಬ್ಬ ತಂದು ಅವನ ಕೈಗಿಟ್ಟಳು. "ನಮ್ಮನೆ ಮದುವೆ ಕ್ಯಾಸೆಟ್ಟುಗಳು. ಇಲ್ಲಿದ್ರೆ ಇಲಿ ತಿನ್ನುತ್ತೆ. ಮಷೀನು ಇರೋ ಮನೇಲೇ ಇರ್ಲಿ."

ಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಹೊಲಿಗೆ ಯಂತ್ರ ಮತ್ತೆ ಗಡಗಡ ಶುರುವಾಗಿತ್ತು.

ಕ್ಯಾಸೆಟ್ಟಣ್ಣನ ತಲೆ ಬಿಸಿಯಾಯಿತು. ಎಲ್ಲರಿಗೂ ಈ ಪೆಟ್ಟಿಗೆಯ ನೆನಪು ಬೇಕು, ಪೆಟ್ಟಿಗೆ ಮಾತ್ರ ಬೇಡ. ನೆನಪಿಗೆ ಜಾಗ ಬೇಕಿಲ್ಲವಲ್ಲ, ಪುಕ್ಕಟೆ. ಇವರೆಲ್ಲರ ಹಳೆಯ ಕಾಲವನ್ನು ಒರೆಸಿ ಇಟ್ಟುಕೊಳ್ಳಲು ತಾನೊಬ್ಬ ಸಿಕ್ಕಿದೆನೇ ಎಂದು ಅವನಿಗೆ ಉರಿದುಹೋಯಿತು. ವಿಸಿಆರನ್ನು ಒಂದು ಚೀಲದಲ್ಲಿ ಹಾಕಿಕೊಂಡು ಬೀದಿಯ ಕೊನೆಗೆ ಹೋದ. ಅತ್ತಿತ್ತ ನೋಡಿ, ಕಸದ ತೊಟ್ಟಿಯ ಪಕ್ಕ ಮೆಲ್ಲಗೆ ಇಟ್ಟು, ಹಿಂದೆ ತಿರುಗಿ ನೋಡದೆ ಬಂದುಬಿಟ್ಟ. ಎಸೆಯಲು ಕೈ ಬರಲಿಲ್ಲ, ಇಡಲಷ್ಟೇ ಬಂತು.

ಮನೆಗೆ ಬಂದು ಮುಖ ತೊಳೆಯುತ್ತಿದ್ದಾನೆ, ಯಾರೋ ಬಾಗಿಲು ಬಡಿದರು. ಮೇಲಿನ ಮನೆಯ ನಿವೃತ್ತ ಮೇಷ್ಟ್ರು. ಏದುಸಿರು ಬಿಡುತ್ತಿದ್ದರು, ಎದೆಗೆ ಅವುಚಿಕೊಂಡ ಚೀಲದಲ್ಲಿ ವಿಸಿಆರ್.

"ಕಾಲ ಎಷ್ಟು ಕೆಟ್ಟಿದೆ ನೋಡ್ರೀ. ಹಗಲು ಹೊತ್ತಿನಲ್ಲೇ ಯಾವನೋ ನಿಮ್ಮ ಮನೆಗೆ ನುಗ್ಗಿ ಇದನ್ನ ಹೊತ್ಕೊಂಡು ಹೋಗಿದಾನೆ. ಬೆಲೆ ಗೊತ್ತಾಗದೆ ತೊಟ್ಟಿ ಹತ್ರ ಬಿಸಾಕಿದಾನೆ ಮುಠ್ಠಾಳ. ನನ್ನ ಕಣ್ಣಿಗೆ ಬಿತ್ತು, ಸರಿಹೋಯ್ತು."

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅನ್ನುವುದು ಇದಕ್ಕೇ. ಕ್ಯಾಸೆಟ್ಟಣ್ಣ ಹಲ್ಲು ಕಚ್ಚಿಕೊಂಡು ಕೈಮುಗಿದ. ಮೇಷ್ಟ್ರಿಗೆ ಕಾಫಿಯನ್ನೂ ಕೊಡಬೇಕಾಯಿತು. ಕಾಫಿಯ ಜೊತೆ, ಕ್ಯಾಸೆಟ್ ರಿವೈಂಡ್ ಆಗುವತನಕ ಕಾಯುವುದರಿಂದ ಆಗಿನ ಮಕ್ಕಳಿಗೆ ತಾಳ್ಮೆ ಹೇಗೆ ಬರುತ್ತಿತ್ತು ಎಂಬ ಪಾಠವನ್ನೂ ಕೇಳಬೇಕಾಯಿತು. ಪಾಠ ಮುಗಿಸಿ ಮೇಲೆ ಹೋದವರು ಮತ್ತೆ ಇಳಿದು ಬಂದರು. ಈ ಸಲ ಕೈಯಲ್ಲಿ ಅವರದೇ ಇನ್ನೊಂದು ವಿಸಿಆರ್.

"ಇದು ನಡೆಯಲ್ಲ. ಆದ್ರೆ ನಿಮ್ಮದು ಕೆಟ್ಟರೆ ಬಿಡಿಭಾಗಕ್ಕೆ ಆಗುತ್ತೆ. ಜೊತೇಲಿ ಇರ್ಲಿ."

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಎಲ್ಲವನ್ನೂ ನೋಡುತ್ತಿದ್ದಳು.

"ಖಾಲಿ ಮಾಡಿ ಅಂದೆ. ನೀವು ತುಂಬಿಸ್ತಾ ಇದೀರಿ. ಬೆಳಿಗ್ಗೆ ಒಂದಿತ್ತು, ಈಗ ಎರಡು. ಸಂಜೆ ಹೊತ್ತಿಗೆ ಮರಿ ಹಾಕುತ್ತೆ. ಅಮ್ಮಂಗೆ ಫೋನ್ ಮಾಡಿ ಅಕ್ಕನ ಮನೆಗೇ ಹೋಗು ಅಂತೀನಿ."

ಅಕ್ಕನ ಮನೆ ಅಂದದ್ದೇ ತಡ, ಕ್ಯಾಸೆಟ್ಟಣ್ಣನ ತಲೆಯಲ್ಲಿ ದೀಪ ಹತ್ತಿತು.

ಷಡ್ಡಕನ ಮನೆಯ ಹಾಲಿನಲ್ಲಿ ಒಂದು ಮೂಲೆ ಇತ್ತು. ಡಯಲ್ ತಿರುಗಿಸುವ ಫೋನು, ಕೊಳವೆ ಇಲ್ಲದ ಗ್ರಾಮಫೋನು, ಹಳೆಯ ರೇಡಿಯೋ, ಎಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಅವನು ಏನನ್ನೂ ಕೊಟ್ಟರೆ ತೆಗೆದುಕೊಳ್ಳುವವನಲ್ಲ. ಕೊಡುವುದಿಲ್ಲ ಅಂದರೆ ಮಾತ್ರ ಬಿಡುವವನಲ್ಲ. ಮದುವೆಯಾದಾಗಿನಿಂದ ಕ್ಯಾಸೆಟ್ಟಣ್ಣ ಈ ಚಾಳಿಯಿಂದ ನೊಂದವನು. ಇವತ್ತು ಅದನ್ನೇ ಬಳಸಿಕೊಳ್ಳೋಣ ಎಂದು ಫೋನು ಮಾಡಿದ.

"ಭಾವ, ಸುಮ್ನೆ ಮಾಡ್ದೆ. ನಮ್ಮ ಆಫೀಸಿನ ಸಾಹೇಬರು ಬೆಳಿಗ್ಗೆಯಿಂದ ಪ್ರಾಣ ತಿಂತಿದಾರೆ. ನನ್ನ ವಿಸಿಆರ್ ಬೇಕಂತೆ. ಈಗ ನಡೆಯೋ ಮಷೀನು ಎಲ್ಲೂ ಸಿಗಲ್ವಂತೆ. ನಾನು ಯಾರಿಗೂ ಕೊಡಲ್ಲ ಅಂದ್ಬಿಟ್ಟೆ."

ಆ ಕಡೆ ಷಡ್ಡಕನ ಕಿವಿ ನೆಟ್ಟಗಾಯಿತು.

"ಯಾರಿಗೂ ಅಂದ್ರೆ?"

"ಯಾರಿಗೂ. ನಿಮಗೂ ಕೊಡಲ್ಲ ಭಾವ."

ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ಷಡ್ಡಕನ ಕಾರು ಬಾಗಿಲಲ್ಲಿತ್ತು. ಕ್ಯಾಸೆಟ್ಟಣ್ಣ ಅಡ್ಡಗಟ್ಟಿ ನಿಂತ, ತಲೆಯಾಡಿಸಿದ, ಸಾಹೇಬರಿಗೆ ಏನು ಹೇಳಲಿ ಎಂದು ಹಣೆ ಒತ್ತಿಕೊಂಡ. ಷಡ್ಡಕ ಸಂಬಂಧದ ಮಾತೆತ್ತಿದ, ಹಿರಿತನದ ಮಾತೆತ್ತಿದ. ಕೊನೆಗೆ ಕ್ಯಾಸೆಟ್ಟಣ್ಣ ಸೋತವನಂತೆ ನಿಟ್ಟುಸಿರು ಬಿಟ್ಟ.

"ಒಂದು ಷರತ್ತು ಭಾವ. ಟೀವಿ, ಕ್ಯಾಸೆಟ್ಟು ಎಲ್ಲ ಸೇರಿಸಿ ತಗೊಂಡು ಹೋಗ್ಬೇಕು. ಒಂದ್ಸಲ ಹೋದ ಮೇಲೆ ಇದು ಮತ್ತೆ ಈ ಹೊಸಲು ದಾಟಬಾರದು. ನಾನೇ ಬಂದು ಕಾಲು ಹಿಡಿದ್ರೂ ವಾಪಸ್ ಕೊಡಬಾರದು. ಮಾತು ಕೊಡಿ."

"ಕೊಟ್ಟೆ" ಎಂದ ಷಡ್ಡಕ. ಕೈಮೇಲೆ ಕೈ ಹಾಕಿ ಹೇಳಿದ. ಮೇಷ್ಟ್ರ ಕೆಟ್ಟ ಮಷೀನನ್ನು ಮಾತ್ರ ಕಾಲಲ್ಲಿ ಪಕ್ಕಕ್ಕೆ ಸರಿಸಿ, ಉಳಿದದ್ದೆಲ್ಲ ಕಾರಿಗೆ ತುಂಬಿದ.

ಕಾರು ತಿರುವು ದಾಟುವತನಕ ಕ್ಯಾಸೆಟ್ಟಣ್ಣ ಬಾಗಿಲಲ್ಲೇ ನಿಂತಿದ್ದ. ಕ್ಯಾಸೆಟ್ಟನ್ನು ಒಳಗೆ ತಳ್ಳಿದಾಗ ಆ ಮಷೀನು ಅದನ್ನು ಮೆಲ್ಲಗೆ ನುಂಗಿಕೊಳ್ಳುವ ಸದ್ದು ಇನ್ನು ಈ ಮನೆಯಲ್ಲಿ ಕೇಳುವುದಿಲ್ಲ. ಆದರೂ ಅತ್ತೆ ಬರುತ್ತಾರಲ್ಲ ಎಂದು ಸಮಾಧಾನ ಮಾಡಿಕೊಂಡ. ಜೊತೆಗೆ, ಜೀವಮಾನದಲ್ಲಿ ಮೊದಲ ಸಲ ಷಡ್ಡಕನಿಗೆ ಟೋಪಿ ಹಾಕಿದ್ದೇನೆ ಎಂಬ ಖುಷಿ ಬೇರೆ. ಮೇಷ್ಟ್ರ ಮಷೀನನ್ನೂ ಟೈಲರಮ್ಮನ ಡಬ್ಬವನ್ನೂ ಮಂಚದ ಕೆಳಗೆ ತಳ್ಳಿ, ನೆಲ ಒರೆಸಿ, ಹಾಸಿಗೆಗೆ ಒಗೆದ ಹೊದಿಕೆ ಹಾಸಿದ. ಹೆಂಡತಿ ಬಂದು ನೋಡಿ ಏನೂ ಅನ್ನಲಿಲ್ಲ. ಅವಳ ಮಟ್ಟಿಗೆ ಅದು ಸನ್ಮಾನ.

ಸಂಜೆ ಅತ್ತೆ ಬಂದರು. ಬಟ್ಟೆಯ ಚೀಲ ಚಿಕ್ಕದು, ಇನ್ನೊಂದು ಚೀಲ ಮಾತ್ರ ಕಲ್ಲು ತುಂಬಿದಂತೆ ಭಾರ. ಬರುತ್ತಲೇ ಅಡುಗೆಮನೆಗೆ ಹೋಗಿ ಒಲೆಯ ಮೇಲಿದ್ದದ್ದನ್ನು ಸೌಟಿನಲ್ಲಿ ರುಚಿ ನೋಡಿ, ಮಗಳತ್ತ ಒಮ್ಮೆ ನೋಡಿ, ಏನೋ ಹಾಕಿ ಕದಡಿದರು. ಮನೆ ತುಂಬ ಪರಿಮಳ ಹರಡಿತು. ಕ್ಯಾಸೆಟ್ಟಣ್ಣನ ಕಣ್ಣು ತೇವವಾಯಿತು.

"ನಡೀರಿ ಅಳಿಯಂದಿರೇ, ರೂಮು ತೋರಿಸಿ" ಎಂದರು.

ತೋರಿಸಿದ. ಅತ್ತೆ ಬಾಗಿಲಲ್ಲೇ ನಿಂತರು. ಗೋಡೆ ನೋಡಿದರು, ಮೂಲೆ ನೋಡಿದರು.

"ಅದೆಲ್ಲಿ?"

"ಯಾವುದು ಅತ್ತೆ?"

"ನಿಮ್ಮ ವಿಸಿಆರು. ಬೆಳಿಗ್ಗೆ ಫೋನಲ್ಲಿ ಅದನ್ನೇ ಕೇಳ್ಬೇಕು ಅಂತಿದ್ದೆ, ಇನ್ನೂ ನಡೀತಿದೆಯಾ ಅಂತ. ಆಮೇಲೆ ಅಂದ್ಕೊಂಡೆ, ಅಳಿಯಂದಿರು ಪ್ರಾಣ ಬಿಟ್ಟಾರು, ಅದನ್ನ ಬಿಡ್ತಾರಾ ಅಂತ."

ಭಾರದ ಚೀಲ ಬಿಚ್ಚಿದರು. ಒಳಗೆ ಪೂರಾ ಕ್ಯಾಸೆಟ್ಟು. ತೀರಿಹೋದ ಮಾವ ಒಂದು ಕಾಲದಲ್ಲಿ ಕ್ಯಾಮೆರಾ ಕೊಂಡು, ಮನೆಯಲ್ಲಿ ಯಾರು ನಕ್ಕರೂ ಅತ್ತರೂ ಹಿಡಿದಿಟ್ಟಿದ್ದರು.

"ಕ್ಯಾಮೆರಾ ಯಾವಾಗ್ಲೂ ಅವರ ಕೈಲೇ ಇರ್ತಿತ್ತಲ್ಲ, ಅದಕ್ಕೆ ಅವರ ಮುಖ ಒಂದರಲ್ಲೂ ಇಲ್ಲ" ಎಂದರು ಅತ್ತೆ. "ಆದ್ರೆ ಮಾತು ಇದೆ. 'ಇತ್ತ ನೋಡೇ, ಸ್ವಲ್ಪ ನಗು' ಅಂತ. ಅದೊಂದು ಕೇಳ್ಬೇಕು ಅನ್ಸಿದೆ. ದಿನಕ್ಕೊಂದು ಹಾಕ್ಕೊಂಡು ಕೂತ್ರೆ ನನಗೆ ಬೇರೇನೂ ಬೇಡ."

ಕ್ಯಾಸೆಟ್ಟಣ್ಣ ನೆಲಕ್ಕೆ ಬಗ್ಗಿದ. ಮಂಚದ ಕೆಳಗಿಂದ ಮೇಷ್ಟ್ರ ಮಷೀನು ಎಳೆದು ಪ್ಲಗ್ ಹಾಕಿದ. ಅದು ಚಟ್ ಎಂದು ಒಂದು ಸದ್ದು ಮಾಡಿ, ಸುಟ್ಟ ವಾಸನೆ ಬಿಟ್ಟು, ಮನೆಯ ಕರೆಂಟನ್ನೂ ತೆಗೆದುಕೊಂಡು ಹೋಯಿತು. ಫ್ಯೂಸು ಹಾಕಿ ಬಂದು ಷಡ್ಡಕನಿಗೆ ಫೋನು ಮಾಡಿದ.

"ಭಾವ, ಆ ವಿಸಿಆರು..."

"ಕೇಳ್ತೀಯಾ ಅಂತ ಗೊತ್ತಿತ್ತು. ನೀನೇ ಕಾಲು ಹಿಡಿದ್ರೂ ಕೊಡಬೇಡಿ ಅಂದಿದ್ದೆ. ಕೈಮೇಲೆ ಕೈ ಹಾಕಿದೀನಿ ಕಣಯ್ಯಾ, ಮಾತು ಅಂದ್ರೆ ಮಾತು."

"ನನಗಲ್ಲ ಭಾವ, ಅತ್ತೆಗೆ ಬೇಕಂತೆ."

ಆ ಕಡೆಯ ದನಿಯಲ್ಲಿ ಜೇನು ಸುರಿಯಿತು.

"ಅತ್ತೆಗಾ? ಅಯ್ಯೋ, ಅದಕ್ಕೇನಂತೆ. ಮಷೀನು ನಿನ್ನ ಹೊಸಲು ದಾಟಬಾರದು. ಅತ್ತೆ ನಮ್ಮ ಹೊಸಲು ದಾಟಬಹುದಲ್ಲ. ಈಗಲೇ ಕಾರು ತರ್ತೀನಿ."

ಅತ್ತೆ ತುಂಬ ನೊಂದುಕೊಂಡೇ ಹೊರಟರು. "ಬೇಜಾರು ಮಾಡ್ಕೋಬೇಡಿ ಅಳಿಯಂದಿರೇ. ಇದೆಲ್ಲ ನೋಡಿ ಮುಗಿದ ಕೂಡಲೇ ಬಂದ್ಬಿಡ್ತೀನಿ" ಎಂದರು. ಕ್ಯಾಸೆಟ್ಟಣ್ಣ ಆ ಚೀಲವನ್ನು ಕಾರಿಗೆ ತಾನೇ ಹೊತ್ತ. ಹೊತ್ತವನಿಗೆ ಅದರ ಭಾರ ಗೊತ್ತಾಯಿತು, ವರ್ಷವಾದರೂ ಅದು ಮುಗಿಯುವ ಬಾಬಲ್ಲ.

ಅತ್ತೆ ಕದಡಿಟ್ಟು ಹೋಗಿದ್ದಕ್ಕೆ ಹೆಂಡತಿ ಮತ್ತೊಮ್ಮೆ ಉಪ್ಪು ಹಾಕಿದ್ದಳು. ಅದನ್ನು ಉಣ್ಣುತ್ತಿರುವಾಗ ಫೋನು ಬಂತು. ಷಡ್ಡಕ. ಹಿಂದಿನಿಂದ ಗಂಡಸಿನ ದನಿಯೊಂದು ನಗುತ್ತಾ 'ಇತ್ತ ನೋಡೇ' ಅನ್ನುತ್ತಿತ್ತು, ಅತ್ತೆಯೂ ನಗುತ್ತಿದ್ದರು. ಒಲೆಯ ಮೇಲೆ ಏನೋ ಚುರ್ ಅಂದದ್ದೂ ಕೇಳಿಸಿತು.

"ಏನಯ್ಯಾ, ಮೊದಲನೇದು ಮುಗೀತು. ಅತ್ತೆ ಇನ್ನೊಂದ್ಸಲ ನೋಡ್ಬೇಕಂತೆ. ಇದನ್ನ ಹಿಂದಕ್ಕೆ ತಿರುಗಿಸೋದು ಹೇಗೆ?"

ಕ್ಯಾಸೆಟ್ಟಣ್ಣ ಕಣ್ಣು ಮುಚ್ಚಿಕೊಂಡ. "ಎಡಗಡೆ ಕೊನೇ ಬಟನ್ನು ಭಾವ. ಒತ್ತಿ ಬಿಟ್ಬಿಡಿ. ಪೂರ್ತಿ ಆಗೋತನಕ ಮುಟ್ಟಬೇಡಿ."

"ಯಾರ್ರೀ ಅದು ಊಟದ ಹೊತ್ತಲ್ಲಿ?" ಎಂದಳು ಹೆಂಡತಿ.

"ಗಿರಾಕಿ" ಎಂದ.

"ಅಂಗಡಿ ಮುಚ್ಚಿ ಯಾವ ಕಾಲ ಆಯ್ತು, ಈಗ್ಯಾವ ಗಿರಾಕಿ? ಮೊದಲೇ ನಮ್ಮಮ್ಮನ್ನ ಓಡಿಸಿದೀರಿ, ಈಗ ಬಾಯಿಗೆ ಬಂದಿದ್ದು ಮಾತಾಡ್ತೀರಿ" ಎಂದು ಶುರು ಮಾಡಿದಳು.

ಅವರನ್ನ ಸುಮ್ನೆ ಬಿಡೇ ಎಂದು ಯಾರಾದರೂ ಅಂದಾರೇನೋ ಎಂದು ಕ್ಯಾಸೆಟ್ಟಣ್ಣ ಅಭ್ಯಾಸಬಲದಿಂದ ಆ ರೂಮಿನ ಕಡೆ ನೋಡಿದ. ರೂಮು ಖಾಲಿಯಾಗಿತ್ತು.